ಅಗ್ಗದ ಅಂಗಡಿ, ದುಬಾರಿ ದಿನಸಿ: ಬ್ರಿಟನ್ನಿನ ಕನ್ನಡ ಮನೆಗಳ ಲೆಕ್ಕಾಚಾರ



ಈಚೆಗೆ ನಮ್ಮವರು ನಾಲ್ಕು ಜನ ಸೇರಿದ ಕಡೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ದಿನಸಿ ಬೆಲೆಯ ಹತ್ತಿರವೇ. ಯುಗಾದಿ ಕಾರ್ಯಕ್ರಮವಿರಲಿ, ಮಕ್ಕಳ ಬರ್ತ್‌ಡೇ ಪಾರ್ಟಿಯಿರಲಿ, ಮೊದಲೆಲ್ಲ ಮನೆ ಸಾಲದ ಬಡ್ಡಿ, ಗ್ರಾಮರ್ ಸ್ಕೂಲಿನ ಪರೀಕ್ಷೆ, ಊರಿಗೆ ಹೋಗುವ ಟಿಕೆಟ್ಟು ಎಂದು ಹರಟುತ್ತಿದ್ದವರು ಈಗ "ನೀವು ಎಣ್ಣೆ ಎಲ್ಲಿ ತರ್ತೀರಿ? ಬೇಳೆ ಎಷ್ಟಾಯ್ತು?" ಎಂದು ಕೇಳುತ್ತಿದ್ದಾರೆ. ಒಬ್ಬರು "ಎಲ್ಲಾ ಆಲ್ಡಿಯಲ್ಲೇ" ಎನ್ನುತ್ತಾರೆ. ಇನ್ನೊಬ್ಬರು "ಲಿಡಲ್ ವಾಸಿ" ಎನ್ನುತ್ತಾರೆ. ಮತ್ತೊಬ್ಬರು "ಟೆಸ್ಕೊ ಕ್ಲಬ್‌ಕಾರ್ಡ್ ಇದ್ದರೆ ಎಲ್ಲಾ ಒಂದೇ" ಎಂದು ತೀರ್ಪು ಕೊಟ್ಟು ಕಾಫಿ ಲೋಟ ಕೆಳಗಿಡುತ್ತಾರೆ.

ಇವರಲ್ಲಿ ಯಾರು ಸರಿ? ಎಲ್ಲರೂ ಅರ್ಧ ಸರಿ ಎಂದೇ ಹೇಳಬೇಕು. ಅಗ್ಗ ಎನ್ನುವುದು ಅಂಗಡಿಯ ಬೋರ್ಡಿನ ಮೇಲೆ ಬರೆದಿರುವುದಿಲ್ಲ. ಅದು ಪ್ರತಿ ವಸ್ತುವಿನ ಕಿಲೋ ಬೆಲೆಯಲ್ಲಿದೆ, ಆಮೇಲೆ ನಮ್ಮ ಅಡುಗೆಮನೆಯ ಕಸದ ಬುಟ್ಟಿಯಲ್ಲಿದೆ. ಈ ಮಾತನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಬೆಲೆ ಇಳಿಯಿತು ಎಂದರಲ್ಲ, ಎಲ್ಲಿ ಇಳಿಯಿತು?

ಬ್ರಿಟನ್ನಿನ ಅಂಕಿಅಂಶ ಕಚೇರಿಯ ಲೆಕ್ಕದ ಪ್ರಕಾರ 2023ರ ಮಾರ್ಚಿಗೆ ಕೊನೆಗೊಂಡ ವರ್ಷದಲ್ಲಿ ಆಹಾರ ಪದಾರ್ಥಗಳ ಬೆಲೆ ಶೇಕಡಾ 19.2ರಷ್ಟು ಏರಿತು. ನಲವತ್ತೈದು ವರ್ಷಗಳಲ್ಲಿ ಕಾಣದಿದ್ದ ಏರಿಕೆ ಅದು. ಆಮೇಲೆ ಏರಿಕೆಯ ವೇಗ ಕಡಿಮೆಯಾಗುತ್ತಾ 2024ರ ಆಗಸ್ಟಿನಲ್ಲಿ ಶೇಕಡಾ 1.3ಕ್ಕೆ ಬಂತು. "ಹಣದುಬ್ಬರ ಇಳಿಯಿತು" ಎಂದು ಟಿವಿಯಲ್ಲಿ ಹೇಳಿದಾಗ ನಮ್ಮಲ್ಲಿ ಅನೇಕರು ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ್ದುಂಟು. ಇಳಿದದ್ದು ಏರಿಕೆಯ ವೇಗ, ಬೆಲೆಯಲ್ಲ!

ಲೆಕ್ಕ ಹಾಕಿ ನೋಡಿ. 2022ರ ಮಾರ್ಚಿನಲ್ಲಿ 100 ಪೌಂಡಿಗೆ ಬರುತ್ತಿದ್ದ ದಿನಸಿ 2023ರ ಮಾರ್ಚಿಗೆ 119 ಪೌಂಡ್ ಆಯಿತು. ಮುಂದಿನ ವರ್ಷ ಶೇಕಡಾ 4 ಸೇರಿ 124 ಆಯಿತು. ಅದರ ಮುಂದಿನ ವರ್ಷ ಶೇಕಡಾ 3 ಸೇರಿ, 2025ರ ಮಾರ್ಚಿಗೆ ಸುಮಾರು 128 ಆಯಿತು. ಅಷ್ಟಕ್ಕೇ ನಿಲ್ಲದೆ 2025ರ ಆಗಸ್ಟಿನಲ್ಲಿ ಏರಿಕೆಯ ದರ ಮತ್ತೆ ಶೇಕಡಾ 5.1ಕ್ಕೆ ಹೋಯಿತು. ಮೆಟ್ಟಿಲು ಹತ್ತುವವರು ನಿಧಾನವಾಗಿ ಹತ್ತಿದರೂ ಮೇಲಕ್ಕೇ ಹೋಗುತ್ತಾರೆಯೇ ಹೊರತು ಕೆಳಕ್ಕೆ ಬರುವುದಿಲ್ಲವಲ್ಲ!

ಕಾರಣಗಳು ಒಂದೆರಡಲ್ಲ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಸೂರ್ಯಕಾಂತಿ ಎಣ್ಣೆಗೆ ತತ್ವಾರ ಬಂತು. ಆ ಏಪ್ರಿಲ್‌ನಲ್ಲಿ ಟೆಸ್ಕೊ ಒಬ್ಬರಿಗೆ ಮೂರು, ಮಾರಿಸನ್ಸ್ ಮತ್ತು ವೇಟ್‌ರೋಸ್ ಎರಡು ಬಾಟಲಿ ಎಂದು ಮಿತಿ ಹಾಕಿದ್ದು ನಮಗೆ ನೆನಪಿದೆ. ಒಗ್ಗರಣೆ ಇಲ್ಲದೆ ಒಪ್ಪತ್ತೂ ಇರಲಾರದ ನಮಗೆ ಆ ಬಿಸಿ ಚೆನ್ನಾಗಿಯೇ ತಟ್ಟಿತು. ಗ್ಯಾಸ್, ವಿದ್ಯುತ್ತಿನ ಬೆಲೆ ಏರಿದ್ದರಿಂದ ಇಲ್ಲಿನ ಗಾಜಿನ ಮನೆಗಳಲ್ಲಿ ತರಕಾರಿ ಬೆಳೆಯುವವರು ಕೈಚೆಲ್ಲಿದರು. 2023ರ ಫೆಬ್ರವರಿಯಲ್ಲಿ ಸ್ಪೇನ್, ಮೊರಾಕ್ಕೊಗಳಲ್ಲಿ ಹವಾಮಾನ ಕೆಟ್ಟಾಗ ಟೊಮೇಟೊ, ಸೌತೆಕಾಯಿಗೂ ಒಬ್ಬರಿಗೆ ಇಷ್ಟೇ ಎಂಬ ಚೀಟಿ ಅಂಟಿಸಿದರು. ಜಗತ್ತಿನ ಯಾವುದೋ ಮೂಲೆಯ ಯುದ್ಧ, ಯಾವುದೋ ಮೂಲೆಯ ಚಳಿ ನಮ್ಮ ಸಾರಿನ ಪಾತ್ರೆಗೆ ಬಂದು ಬೀಳುವುದು ಹೀಗೆ.

ಇದು ಬರೀ ಜಿಪುಣತನದ ಮಾತಲ್ಲ

"ಹತ್ತು ಪೆನ್ಸ್ ಉಳಿಸಿ ಏನು ಮಹಾ?" ಎಂದು ಕೇಳುವವರೂ ಇದ್ದಾರೆ. ಇಲ್ಲಿ ಬಂದು ಇಪ್ಪತ್ತು ವರ್ಷವಾಗಿ, ಮನೆ ಸಾಲ ತೀರಿಸಿದವರಿಗೆ ಆ ಮಾತು ಒಪ್ಪಬಹುದು. ಆದರೆ ಹೊಸದಾಗಿ ಬರುವ ಸಂಸಾರದ ಲೆಕ್ಕವೇ ಬೇರೆ. ವೀಸಾದ ಜೊತೆಗೆ ಕಟ್ಟಬೇಕಾದ ಆರೋಗ್ಯ ಸರ್‌ಚಾರ್ಜ್ 2024ರ ಫೆಬ್ರವರಿಯ ಏರಿಕೆಯಲ್ಲಿ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಆಯಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳೆಂದರೆ ವರ್ಷಕ್ಕೆ 3,622 ಪೌಂಡ್. ಅದೂ ಕಂತಿನಲ್ಲಲ್ಲ, ವೀಸಾ ಎಷ್ಟು ವರ್ಷದ್ದೋ ಅಷ್ಟು ವರ್ಷದ್ದನ್ನು ಮೊದಲೇ ಕಟ್ಟಬೇಕು. ಮೇಲಾಗಿ ಇಂಥ ವೀಸಾಗಳಲ್ಲಿ ಹೆಚ್ಚಿನವುಗಳ ಮೇಲೆ ಸರ್ಕಾರದ ಸಾಮಾಜಿಕ ನೆರವು ಪಡೆಯುವಂತಿಲ್ಲ ಎಂಬ ಷರತ್ತಿರುತ್ತದೆ. ಕೆಲಸ ಹೋದರೆ, ಸಂಬಳ ಸಾಲದೆ ಹೋದರೆ ಕೈ ಹಿಡಿಯುವವರು ಬಂಧುಬಳಗವಷ್ಟೇ.

ಈಗ ವಾರದ ದಿನಸಿಯಲ್ಲಿ 15 ಪೌಂಡ್ ಉಳಿಯಿತು ಎಂದುಕೊಳ್ಳಿ. ವರ್ಷಕ್ಕೆ 780 ಪೌಂಡ್ ಆಯಿತು. ಒಂದು ಮಗುವಿನ ಒಂದು ವರ್ಷದ ಸರ್‌ಚಾರ್ಜ್ ಅಲ್ಲಿಗೆ ಬಂತು! ಹನಿ ಹನಿ ಕೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅವರಿಗೆ ಅಗ್ಗವಾಗಿ ಕೊಡಲು ಹೇಗೆ ಸಾಧ್ಯ?

"ಅಗ್ಗದ ಅಂಗಡಿ ಎಂದ ಮೇಲೆ ಮಾಲೂ ಹಾಗೇ ಇರುತ್ತದೆ" ಎಂಬ ಅನುಮಾನ ನಮ್ಮಲ್ಲಿ ಹಲವರಿಗೆ ಇನ್ನೂ ಹೋಗಿಲ್ಲ. ಅದಕ್ಕೆ ಈ ಅಂಗಡಿಗಳ ಕಥೆ ಸ್ವಲ್ಪ ತಿಳಿದಿರಬೇಕು.

ಆಲ್ಡಿಯ ಮೂಲ ಜರ್ಮನಿಯ ಎಸೆನ್ ಊರಿನಲ್ಲಿ 1913ರಲ್ಲಿ ಶುರುವಾದ ಒಂದು ಪುಟ್ಟ ಅಂಗಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರ್ಲ್ ಮತ್ತು ಥಿಯೊ ಆಲ್ಬ್ರೆಕ್ಟ್ ಎಂಬ ಅಣ್ಣತಮ್ಮಂದಿರು ತಾಯಿಯ ಆ ಅಂಗಡಿಯನ್ನು ವಹಿಸಿಕೊಂಡರು. ಯುದ್ಧದಲ್ಲಿ ಸೋತ ದೇಶದಲ್ಲಿ ಜನರ ಕೈಯಲ್ಲಿ ಕಾಸಿರಲಿಲ್ಲ. ಆಯ್ದ ಕೆಲವೇ ಪದಾರ್ಥ, ಅಲಂಕಾರವಿಲ್ಲ, ಬೆಲೆ ಕಡಿಮೆ ಎಂಬುದು ಅವರ ಸೂತ್ರ. ಆಲ್ಬ್ರೆಕ್ಟ್ ಮತ್ತು ಡಿಸ್ಕೌಂಟ್ ಎರಡೂ ಸೇರಿ ಆಲ್ಡಿ ಆಯಿತು. 1960ರ ದಶಕದ ಆರಂಭದಲ್ಲಿ ಅಣ್ಣತಮ್ಮಂದಿರು ವ್ಯಾಪಾರವನ್ನು ಉತ್ತರ, ದಕ್ಷಿಣ ಎಂದು ಪಾಲು ಮಾಡಿಕೊಂಡರು. ಬ್ರಿಟನ್ನಿಗೆ ಬಂದದ್ದು ದಕ್ಷಿಣದ ಪಾಲಿನ ಆಲ್ಡಿ. 1990ರಲ್ಲಿ ಬರ್ಮಿಂಗ್‌ಹ್ಯಾಮಿನ ಸ್ಟೆಚ್‌ಫರ್ಡಿನಲ್ಲಿ ಮೊದಲ ಅಂಗಡಿ ತೆರೆಯಿತು. ಜರ್ಮನಿಯದೇ ಆದ ಲಿಡಲ್ 1994ರಲ್ಲಿ ಬಂತು.

ಆಗ ಇಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್ಟುಗಳು ಇವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಲ್ಲಿಗೆ ಹೋಗುವುದನ್ನು ಅಕ್ಕಪಕ್ಕದವರು ನೋಡಿದರೆ ನಾಚಿಕೆ ಎನ್ನುವ ಕಾಲವೂ ಇತ್ತು. ಆದರೆ 2022ರ ಸೆಪ್ಟೆಂಬರಿನಲ್ಲಿ ಆಲ್ಡಿ ಮಾರಿಸನ್ಸನ್ನು ಹಿಂದೆ ಹಾಕಿ ದೇಶದ ನಾಲ್ಕನೇ ದೊಡ್ಡ ಸೂಪರ್‌ಮಾರ್ಕೆಟ್ ಆಯಿತು. 2023ರಲ್ಲಿ ತನ್ನ ಸಾವಿರದ ಅಂಗಡಿ ತೆರೆಯಿತು. ಈಗ ಅದೇ ಪಾರ್ಕಿಂಗಿನಲ್ಲಿ ದುಬಾರಿ ಕಾರುಗಳು ಸಾಲಾಗಿ ನಿಂತಿರುತ್ತವೆ!

ಗುಟ್ಟು ಇಷ್ಟೇ. ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ ಹತ್ತಾರು ಸಾವಿರ ಬಗೆಯ ವಸ್ತುಗಳಿರುತ್ತವೆ, ಆಲ್ಡಿಯಲ್ಲಿ ಸುಮಾರು ಎರಡು ಸಾವಿರ. ಅಲ್ಲಿ ಟೊಮೇಟೊ ಕೆಚಪ್ ಹತ್ತು ತರಹ, ಇಲ್ಲಿ ಒಂದೋ ಎರಡೋ. ಒಂದೇ ವಸ್ತುವನ್ನು ಅಪಾರ ಪ್ರಮಾಣದಲ್ಲಿ ಕೊಂಡಾಗ ಮಾರುವವರ ಹತ್ತಿರ ಚೌಕಾಸಿ ಮಾಡುವ ಶಕ್ತಿ ಬರುತ್ತದೆ. ಬಹುಪಾಲು ಸ್ವಂತ ಲೇಬಲ್ಲಿನ ಮಾಲು, ಹಾಗಾಗಿ ಬ್ರಾಂಡಿನ ಜಾಹೀರಾತಿನ ಖರ್ಚು ನಮ್ಮ ತಲೆ ಮೇಲೆ ಬೀಳುವುದಿಲ್ಲ. ಬಂದ ರಟ್ಟಿನ ಪೆಟ್ಟಿಗೆಯ ಬಾಯಿ ಹರಿದು ಹಾಗೇ ಶೆಲ್ಫಿಗೆ ಇಡುತ್ತಾರೆ, ಒಂದೊಂದೇ ಜೋಡಿಸುವ ಕೂಲಿ ಉಳಿಯಿತು. ಪೊಟ್ಟಣದ ಹಲವು ಮಗ್ಗುಲಲ್ಲಿ ಬಾರ್‌ಕೋಡ್, ಹೇಗೆ ಹಿಡಿದರೂ ಯಂತ್ರ ಓದುತ್ತದೆ. ನಾವು ಚೀಲ ಬಿಡಿಸುವಷ್ಟರಲ್ಲಿ ಕೌಂಟರಿನವರು ಇಡೀ ಟ್ರಾಲಿ ಖಾಲಿ ಮಾಡಿ ಕಾರ್ಡಿಗೆ ಕೈಚಾಚಿರುವುದು ಅದಕ್ಕೇ. ಅವರು ಉಳಿಸುವುದು ಕೆಲಸದ ಸಮಯವನ್ನು. ಮಾಲಿನ ಗುಣವನ್ನು ಮಾತ್ರ ವಸ್ತು ವಸ್ತುವಿಗೂ ನಾವೇ ನೋಡಿ ತೀರ್ಮಾನಿಸಬೇಕು.

ದೊಡ್ಡಣ್ಣಗಳು ಸುಮ್ಮನಿರಲಿಲ್ಲ

ಟೆಸ್ಕೊ 2018ರಲ್ಲಿ ಜ್ಯಾಕ್ಸ್ ಎಂಬ ಹೆಸರಿನಲ್ಲಿ ತನ್ನದೇ ಅಗ್ಗದ ಅಂಗಡಿಗಳನ್ನು ಶುರುಮಾಡಿತು, ನಡೆಯಲಿಲ್ಲ, 2022ರಲ್ಲಿ ಬಾಗಿಲು ಹಾಕುವುದಾಗಿ ಹೇಳಿತು. ಅಷ್ಟರಲ್ಲೇ ಬೇರೆ ದಾರಿ ಹಿಡಿದಿತ್ತು. 2020ರಲ್ಲಿ ಟೆಸ್ಕೊ, 2021ರಲ್ಲಿ ಸೇನ್ಸ್‌ಬರಿ, ನೂರಾರು ವಸ್ತುಗಳಿಗೆ "ಆಲ್ಡಿಯ ಬೆಲೆಯೇ ನಮ್ಮದೂ" ಎಂದು ಚೀಟಿ ಅಂಟಿಸಿದವು. ಎದುರಾಳಿಯ ಹೆಸರನ್ನು ತಮ್ಮದೇ ಶೆಲ್ಫಿನಲ್ಲಿ ಬರೆದುಕೊಳ್ಳುವ ಕಾಲ ಬಂತು ನೋಡಿ! ಇದರಿಂದ ಆಲ್ಡಿಗೆ ಹೋಗದವರಿಗೂ ಲಾಭವೇ ಆಯಿತು. ಆದರೆ ಬೆಲೆ ಒಂದೇ ಇದ್ದ ಮಾತ್ರಕ್ಕೆ ಒಳಗಿರುವುದೂ ಒಂದೇ ಎಂದು ತಿಳಿಯಬಾರದು. ಕೆಲವು ತಯಾರಿ ತಿನಿಸುಗಳಲ್ಲಿ ಮುಖ್ಯ ಪದಾರ್ಥದ ಪ್ರಮಾಣವೇ ಆಲ್ಡಿಯದಕ್ಕಿಂತ ಕಡಿಮೆ ಇತ್ತೆಂದು 2024ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ತೋರಿಸಿತು. ಪೊಟ್ಟಣದ ಹಿಂಬದಿ ಓದುವುದು ಇದಕ್ಕೇ ಬೇಕು.

ಇನ್ನು ಕಾರ್ಡ್ ಇದ್ದವರಿಗೆ ಒಂದು ಬೆಲೆ, ಇಲ್ಲದವರಿಗೆ ಒಂದು ಬೆಲೆ ಎಂಬ ಪದ್ಧತಿ. "ಮೊದಲು ಬೆಲೆ ಏರಿಸಿ ಆಮೇಲೆ ಇಳಿಸಿದ ಹಾಗೆ ತೋರಿಸುತ್ತಾರೆ" ಎಂಬ ಗುಮಾನಿ ಎಲ್ಲರಿಗೂ ಇತ್ತು. ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ ಸುಮಾರು 50,000 ವಸ್ತುಗಳ ಬೆಲೆ ಪರೀಕ್ಷಿಸಿ 2024ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಶೇಕಡಾ 92ರಲ್ಲಿ ರಿಯಾಯಿತಿ ನಿಜವಾದದ್ದೇ ಎಂದಿತು. ಆದರೆ ಅದೇ ವರದಿ, ಕಾರ್ಡಿನ ಬೆಲೆಯೇ ಊರಿಗೆಲ್ಲ ಅಗ್ಗದ ಬೆಲೆ ಎಂದು ತಿಳಿಯಬೇಡಿ, ಬೇರೆ ಕಡೆಯೂ ನೋಡಿ ಎಂದು ಬುದ್ಧಿ ಹೇಳಿತು. ಕಾರ್ಡ್ ಪುಕ್ಕಟೆ, ಮಾಡಿಸಿಕೊಳ್ಳೋಣ. ಅದಕ್ಕೆ ಕಟ್ಟುಬೀಳುವುದು ಬೇಡ.

ಸಣ್ಣ ಅಕ್ಷರದ ದೊಡ್ಡ ಸತ್ಯ

ಶೆಲ್ಫಿನ ಚೀಟಿಯಲ್ಲಿ ದೊಡ್ಡದಾಗಿ ಒಂದು ಬೆಲೆ, ಅದರ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ ಕಿಲೋಗೆ ಇಷ್ಟು, ನೂರು ಗ್ರಾಮಿಗೆ ಇಷ್ಟು ಎಂದು ಇನ್ನೊಂದು ಬೆಲೆ ಇರುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಆ ಎರಡನೆಯದನ್ನು. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂಬುದು ಸುಳ್ಳು. ಪೊಟ್ಟಣದ ಬೆಲೆ ಹಾಗೇ ಉಳಿದು ತೂಕ ಸದ್ದಿಲ್ಲದೆ ಇಳಿಯುವುದೂ ಉಂಟು. ಇವೆರಡನ್ನೂ ಹಿಡಿದುಕೊಡುವುದು ಈ ಸಣ್ಣ ಅಕ್ಷರವೇ.

ಆದರೆ ಈ ಚೀಟಿಗಳೂ ಪೂರ್ತಿ ನೆಟ್ಟಗಿರಲಿಲ್ಲ. ಒಂದೇ ಶೆಲ್ಫಿನಲ್ಲಿ ಒಂದಕ್ಕೆ ಕಿಲೋ ಲೆಕ್ಕ, ಪಕ್ಕದ್ದಕ್ಕೆ ನೂರು ಗ್ರಾಮ್ ಲೆಕ್ಕ, ಮೂರನೆಯದಕ್ಕೆ "ಒಂದಕ್ಕೆ" ಎಂಬ ಲೆಕ್ಕ. 2023ರ ಜುಲೈನಲ್ಲಿ ಇದೇ ಪ್ರಾಧಿಕಾರ ಈ ಗೊಂದಲವನ್ನು ಎತ್ತಿ ತೋರಿಸಿತು. 2004ರ ಬೆಲೆ ನಮೂದು ಆದೇಶಕ್ಕೆ 2024ರಲ್ಲಿ ತಿದ್ದುಪಡಿ ತಂದು, ಜಾರಿಗೆ 2026ರ ಏಪ್ರಿಲ್ ಎಂದು ಗೊತ್ತುಮಾಡಿದರು. ಒಂದೇ ಬಗೆಯ ಅಳತೆ, ಕಾರ್ಡಿನ ರಿಯಾಯಿತಿ ಬೆಲೆಗೂ ಕಿಲೋ ಲೆಕ್ಕ ಎಂಬುದು ಅದರ ಉದ್ದೇಶ.

ನಮಗೆ ಮುಖ್ಯವಾದ ಇನ್ನೊಂದು ವಿಷಯವಿದೆ. 280 ಚದರ ಮೀಟರ್‌ಗಿಂತ ಚಿಕ್ಕ ಅಂಗಡಿಗಳು ಪೊಟ್ಟಣದ ಮಾಲಿಗೆ ಕಿಲೋ ಬೆಲೆ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ನಮ್ಮ ಇಂಡಿಯನ್ ಸ್ಟೋರ್‌ಗಳು ಬಹಳಷ್ಟು ಇದೇ ಗುಂಪಿಗೆ ಸೇರುತ್ತವೆ. ಅಂದರೆ ತೊಗರಿಬೇಳೆ ಎರಡು ಕಿಲೋ, ಐದು ಕಿಲೋ ಚೀಲಗಳ ಮುಂದೆ ನಿಂತಾಗ ಫೋನಿನ ಕ್ಯಾಲ್ಕುಲೇಟರ್ ನಾವೇ ತೆಗೆಯಬೇಕು. ಮಕ್ಕಳ ಕೈಗೆ ಕೊಡಿ, ಭಾಗಾಕಾರವೂ ಕಲಿತ ಹಾಗಾಯಿತು.

ಯಾವುದು ಅಲ್ಲಿ, ಯಾವುದು ಇಲ್ಲಿ

ಕನ್ನಡಿಗರ ಅಡುಗೆಮನೆಯ ಸಾಮಾನನ್ನು ಎರಡು ಪಾಲು ಮಾಡಿ ನೋಡೋಣ. ಹಾಲು, ಮೊಸರು, ಬೆಣ್ಣೆ, ಎಣ್ಣೆ, ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು, ಹೂಕೋಸು, ಪಾಲಕ್, ಫ್ರೋಜನ್ ಬಟಾಣಿ, ಓಟ್ಸ್, ಗೋಡಂಬಿ, ಬಾದಾಮಿ, ಹಣ್ಣು. ಇವೆಲ್ಲ ಆಲ್ಡಿ, ಲಿಡಲ್‌ಗಳಲ್ಲಿ ಸಾಮಾನ್ಯವಾಗಿ ಗಿಟ್ಟುತ್ತವೆ. ಕ್ರಿಸ್‌ಮಸ್ಸಿಗೆ ಮುಂಚಿನ ವಾರದಲ್ಲಿ ಸೂಪರ್‌ಮಾರ್ಕೆಟ್ಟುಗಳು ಜಿದ್ದಿಗೆ ಬಿದ್ದು ಕ್ಯಾರೆಟ್, ಆಲೂಗಡ್ಡೆಯನ್ನು ಕೆಲವೇ ಪೆನ್ಸಿಗೆ ಮಾರುವುದು ಎಲ್ಲರಿಗೂ ಗೊತ್ತು. ಅವರು ಟರ್ಕಿಯ ಪಕ್ಕಕ್ಕೆ ಬೇಯಿಸಿಕೊಳ್ಳಲಿ, ನಾವು ಹಲ್ವ ಮಾಡೋಣ.

ಇನ್ನೊಂದು ಪಾಲು ತೊಗರಿಬೇಳೆ, ಉದ್ದಿನಬೇಳೆ, ಸೋನಾ ಮಸೂರಿ ಅಕ್ಕಿ, ರಾಗಿಹಿಟ್ಟು, ಅವಲಕ್ಕಿ, ಹುಣಸೆಹಣ್ಣು, ಬೆಲ್ಲ, ಇಂಗು, ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ತುರಿದ ಕಾಯಿ. ಇದಕ್ಕೆ ಲೆಸ್ಟರಿನ ಮೆಲ್ಟನ್ ರಸ್ತೆ, ವೆಂಬ್ಲಿಯ ಈಲಿಂಗ್ ರಸ್ತೆ, ಸೌತಾಲ್, ಈಸ್ಟ್ ಹ್ಯಾಮ್ ಕಡೆಯ ನಮ್ಮವರ ಅಂಗಡಿಗಳೇ ಗತಿ. ಜೀರಿಗೆ, ಧನಿಯ, ಅರಿಶಿನವನ್ನು ಸೂಪರ್‌ಮಾರ್ಕೆಟ್ಟಿನ ಪುಟ್ಟ ಗಾಜಿನ ಶೀಸೆಯಲ್ಲಿ ಕೊಳ್ಳುವುದು ಎಂದರೆ ಚಿನ್ನದ ಅಂಗಡಿಯಲ್ಲಿ ಕಬ್ಬಿಣ ಕೊಂಡ ಹಾಗೆ. ಎರಡರ ನೂರು ಗ್ರಾಮಿನ ಬೆಲೆ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಮಾತೇ ಬೇಡ.

ಮನೆಯಲ್ಲೇ ಮಾಡಿಕೊಂಡರೆ ಲಾಭವೇ, ನಷ್ಟವೇ ಎಂಬುದಕ್ಕೂ ಸರಳ ಲೆಕ್ಕಗಳಿವೆ.

ತುಪ್ಪ: ಬೆಣ್ಣೆಯಲ್ಲಿ ಕೊಬ್ಬಿನಂಶ ಶೇಕಡಾ 82ರ ಆಸುಪಾಸು. ಒಂದು ಕಿಲೋ ಉಪ್ಪಿಲ್ಲದ ಬೆಣ್ಣೆ ಕಾಯಿಸಿದರೆ ಸುಮಾರು 800 ಗ್ರಾಮ್ ತುಪ್ಪ. ಬೆಣ್ಣೆಯ ಕಿಲೋ ಬೆಲೆಯನ್ನು 0.8ರಿಂದ ಭಾಗಿಸಿ. ಅಂಗಡಿಯ ತುಪ್ಪದ ಕಿಲೋ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಮನೆಯಲ್ಲೇ ಕಾಯಿಸಿ. ಊರಿಂದ ಸೂಟ್‌ಕೇಸಿನಲ್ಲಿ ತರುವ ಯೋಚನೆ ಬೇಡ, ಭಾರತದಿಂದ ಹಾಲಿನ ಪದಾರ್ಥಗಳನ್ನು ಲಗೇಜಿನಲ್ಲಿ ತರಲು ಇಲ್ಲಿ ಅನುಮತಿಯಿಲ್ಲ.

ಮೊಸರು: ನಾಲ್ಕು ಪಿಂಟಿನ ಹಾಲಿನ ಕ್ಯಾನೆಂದರೆ 2.27 ಲೀಟರ್. ಹೆಪ್ಪು ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಮೊಸರು. ಆ ಕ್ಯಾನಿನ ಬೆಲೆಯನ್ನು ಅರ್ಧ ಕಿಲೋ ಮೊಸರಿನ ನಾಲ್ಕೂವರೆ ಡಬ್ಬಿಗಳ ಬೆಲೆಯ ಜೊತೆ ಇಟ್ಟು ನೋಡಿ. ಚಳಿಗಾಲದಲ್ಲಿ ಹೆಪ್ಪು ಕೂರದಿದ್ದರೆ ಓವನ್ ದೀಪದ ಬಿಸಿ ಸಾಕು.

ಕಡಲೆಕಾಳು: 400 ಗ್ರಾಮಿನ ಡಬ್ಬಿಯಲ್ಲಿ ನೀರು ಸೋಸಿದರೆ ಉಳಿಯುವುದು ಸುಮಾರು 240 ಗ್ರಾಮ್ ಕಾಳು. ನೂರು ಗ್ರಾಮ್ ಒಣ ಕಾಳು ನೆನೆಸಿ ಬೇಯಿಸಿದರೆ ಅಷ್ಟಾಗುತ್ತದೆ. ಒಂದು ಕಿಲೋ ಒಣ ಕಾಳೆಂದರೆ ಹತ್ತು ಡಬ್ಬಿ ಇದ್ದ ಹಾಗೆ! ಕುಕ್ಕರ್ ಕೂಗಿಸುವ ಗ್ಯಾಸಿನ ಖರ್ಚು ಸೇರಿಸಿದರೂ ಲೆಕ್ಕ ನಮ್ಮ ಕಡೆಗೇ.

ಅಕ್ಕಿ ಕಲಿಸಿದ ಪಾಠ

2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಬಾಸ್ಮತಿಯಲ್ಲದ್ದು ಎಂದರೆ ನಮ್ಮ ಸೋನಾ ಮಸೂರಿಯೇ! ಗಂಗಾವತಿ, ಸಿಂಧನೂರು ಕಡೆ ತುಂಗಭದ್ರೆಯ ನೀರಿನಲ್ಲಿ ಬೆಳೆಯುವ ಅಕ್ಕಿ. ಸುದ್ದಿ ಬಂದದ್ದೇ ತಡ, ಅಮೆರಿಕದ ಇಂಡಿಯನ್ ಸ್ಟೋರ್‌ಗಳ ಮುಂದೆ ಸಾಲುಗಳಾದವು, ಒಬ್ಬೊಬ್ಬರು ಐದಾರು ಚೀಲ ಹೊತ್ತು ಹೋದರು. ಇಲ್ಲಿಯೂ ಗಾಬರಿ ಕಡಿಮೆಯಿರಲಿಲ್ಲ, ಬೆಲೆಯೂ ಏರಿತು. ನಿಷೇಧ ತೆಗೆದದ್ದು 2024ರ ಸೆಪ್ಟೆಂಬರ್ ಕೊನೆಯಲ್ಲಿ, ಹದಿನಾಲ್ಕು ತಿಂಗಳ ನಂತರ.

ಇದರಲ್ಲಿ ಎರಡು ಪಾಠಗಳಿವೆ. ಒಂದು, ನಮ್ಮ ಅರ್ಧ ಬುಟ್ಟಿಯ ಬೆಲೆ ನಿರ್ಧಾರವಾಗುವುದು ಲಂಡನ್ನಿನಲ್ಲಲ್ಲ, ದೆಹಲಿಯಲ್ಲಿ ಮತ್ತು ಮುಂಗಾರಿನಲ್ಲಿ. ಎರಡನೆಯದು, ಗಾಬರಿಯಲ್ಲಿ ಕೊಂಡವರು ಏರಿದ ಬೆಲೆಗೇ ಕೊಂಡರು, ಹಿಂದೆ ಬಂದವರಿಗೆ ಅದೂ ಇಲ್ಲದ ಹಾಗೆ ಮಾಡಿದರು. ಆ ದಿನಗಳಲ್ಲಿ ಮಧ್ಯಾಹ್ನ ಅನ್ನ, ರಾತ್ರಿ ಚಪಾತಿ ಅಥವಾ ಮುದ್ದೆ ಎಂದು ಮಾಡಿಕೊಂಡ ಮನೆಗಳು ಕೆಡಲಿಲ್ಲ. ತೊಗರಿಬೇಳೆಯೂ ಹಾಗೆಯೇ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿರುವುದು ನಮಗೆಲ್ಲ ಹೆಮ್ಮೆ. ಆದರೆ ಭಾರತವೇ ತನ್ನ ತೊಗರಿ ಸಾಲದೆ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ತರಿಸುತ್ತದೆ. ಬೆಲೆ ವಿಪರೀತವಾದ ತಿಂಗಳು ಹೆಸರುಬೇಳೆ, ಕೆಂಪು ಮಸೂರ್ ಬೇಳೆಯ ಸಾರು ಮಾಡಿದರೆ ಸಾರಿನ ಮರ್ಯಾದೆ ಏನೂ ಹೋಗುವುದಿಲ್ಲ.

ಎಚ್ಚರ, ಇಲ್ಲಿ ಹಳ್ಳವಿದೆ!

ಮೊದಲನೆಯ ಹಳ್ಳ ಅಂಗಡಿಯ ನಟ್ಟನಡುವಿನ ಸಾಲು. ಹಾಲು ತರಲು ಹೋದವರು ಡ್ರಿಲ್ಲಿಂಗ್ ಮೆಷಿನ್, ಟೆಂಟು, ಈಜುವ ಕನ್ನಡಕ ಹಿಡಿದು ಬರುವುದು ಇಲ್ಲಿಂದಲೇ. ವಾರಕ್ಕೆರಡು ಸಲ ಹೊಸ ಮಾಲು, ಮುಗಿದರೆ ಮುಗಿಯಿತು ಎಂಬ ಆತುರ ಬೇರೆ. ಬೇಳೆಯಲ್ಲಿ ಉಳಿಸಿದ ಆರು ಪೌಂಡ್ ಅಲ್ಲಿ ಇಪ್ಪತ್ತಾಗಿ ಹೋಗುತ್ತದೆ. ಮನೆಯಲ್ಲಿ ಬರೆದ ಚೀಟಿಯಲ್ಲಿ ಇಲ್ಲದ್ದು ಟ್ರಾಲಿಗೆ ಬರಬಾರದು ಎಂಬ ಒಂದೇ ನಿಯಮ ಸಾಕು.

ಎರಡನೆಯದು ಸಸ್ಯಾಹಾರಿಗಳಿಗೆ. ಸ್ವಂತ ಲೇಬಲ್ಲಿನ ಮಾಲನ್ನು ಮಾಡಿಕೊಡುವವರು ಬದಲಾಗಬಹುದು, ಒಳಗಿನ ಪದಾರ್ಥವೂ ಬದಲಾಗಬಹುದು. ಕೆಲವು ಹಣ್ಣಿನ ಮೊಸರು, ಸಿಹಿ ತಿನಿಸುಗಳಲ್ಲಿ ಜೆಲಟಿನ್, ಕೆಲವು ಕೆಂಪು ಬಣ್ಣದಲ್ಲಿ ಕೀಟದಿಂದ ತೆಗೆದ ಇ120, ಪಾರ್ಮಿಜಾನೊ ರೆಜ್ಜಾನೊ ಚೀಸಿನಲ್ಲಿ ಕರುವಿನ ರೆನೆಟ್ ಇರುತ್ತದೆ. ಕಳೆದ ಸಲ ಓದಿದ್ದೇನೆಂದು ಬಿಡದೆ ಆಗಾಗ ಹಿಂಬದಿ ಓದಬೇಕು.

ಮೂರನೆಯದು ಪೋಲು. ಅಗ್ಗಕ್ಕೆ ಸಿಕ್ಕಿತೆಂದು ಎರಡು ಚೀಲ ಪಾಲಕ್ ತಂದು ಒಂದನ್ನು ಫ್ರಿಜ್ಜಿನಲ್ಲಿ ಕೊಳೆಸಿದರೆ ಕೊಂಡದ್ದು ದುಪ್ಪಟ್ಟು ಬೆಲೆಗೆ. ಇಲ್ಲಿ ದಿನಾಂಕಗಳಲ್ಲಿ ಎರಡು ಬಗೆ. "ಯೂಸ್ ಬೈ" ಎನ್ನುವುದು ಸುರಕ್ಷತೆಯ ಮಾತು, ಅದನ್ನು ಮೀರಬಾರದು. "ಬೆಸ್ಟ್ ಬಿಫೋರ್" ಎನ್ನುವುದು ರುಚಿ, ಗುಣದ ಮಾತು, ದಾಟಿದ ಮಾತ್ರಕ್ಕೆ ಬಿಸಾಡಬೇಕಿಲ್ಲ. ಇನ್ನು ಒಂದು ಪೌಂಡ್ ಉಳಿಸಲು ಹತ್ತು ಮೈಲಿ ಕಾರು ಓಡಿಸುವುದೂ ಒಂದು ಬಗೆಯ ಪೋಲೇ. ಎರಡು ಮೂರು ಮನೆಯವರು ಸೇರಿ ತಿಂಗಳಿಗೊಮ್ಮೆ ಇಂಡಿಯನ್ ಸ್ಟೋರಿಗೆ ಹೋಗಿ ಹತ್ತು ಕಿಲೋ ಬೇಳೆ ಹಂಚಿಕೊಂಡರೆ ಪೆಟ್ರೋಲೂ ಉಳಿಯಿತು, ಹರಟೆಯೂ ಆಯಿತು.

ಅಗ್ಗ ಎಲ್ಲರ ಕೈಗೆಟುಕುವುದಿಲ್ಲ

ಇಷ್ಟೆಲ್ಲ ಹೇಳುವಾಗ ಒಂದು ಮಾತು ಮರೆಯಬಾರದು. ಈ ಉಪಾಯಗಳಿಗೆಲ್ಲ ಕಾರು ಬೇಕು, ದೊಡ್ಡ ಫ್ರಿಜ್ ಬೇಕು, ಒಟ್ಟಿಗೆ ಕೊಳ್ಳಲು ಕೈಯಲ್ಲಿ ಕಾಸು ಬೇಕು. ಊರ ನಡುವೆ ಒಂದು ಕೋಣೆಯಲ್ಲಿರುವ ವಿದ್ಯಾರ್ಥಿಗೆ, ಅಡುಗೆಮನೆಯಲ್ಲಿ ಒಂದೇ ಶೆಲ್ಫ್ ಪಾಲಿಗೆ ಬಂದವರಿಗೆ, ಇವು ಯಾವುವೂ ಇಲ್ಲ. ಅವರಿಗೆ ನಡೆದು ಹೋಗುವಷ್ಟು ದೂರದಲ್ಲಿರುವುದು ದೊಡ್ಡ ಕಂಪನಿಗಳದೇ ಚಿಕ್ಕ ಎಕ್ಸ್‌ಪ್ರೆಸ್, ಲೋಕಲ್ ಮಳಿಗೆಗಳು. ಅಲ್ಲಿ ಅದೇ ಕಂಪನಿಯ ಅದೇ ವಸ್ತುವಿಗೆ ದೊಡ್ಡ ಮಳಿಗೆಗಿಂತ ಹೆಚ್ಚು ಬೆಲೆ ಇರುವುದುಂಟು, ಅತಿ ಕಡಿಮೆ ಬೆಲೆಯ ಮಾಲು ಬಹಳ ಸಲ ಇರುವುದೇ ಇಲ್ಲ. ಗ್ರಾಹಕ ಸಂಸ್ಥೆ ವಿಚ್ ಈ ಬಗ್ಗೆ 2023ರಲ್ಲಿ ದನಿ ಎತ್ತಿತ್ತು. ಕಾಸು ಕಡಿಮೆ ಇದ್ದವರೇ ಹೆಚ್ಚು ಕೊಡಬೇಕಾಗಿ ಬರುವ ವಿಪರ್ಯಾಸ ಇದು.

ಇಲ್ಲಿ ನಮ್ಮಂಥ ಸಂಘಗಳಿಗೆ ಕೆಲಸವಿದೆ. ಸೆಪ್ಟೆಂಬರಿನಲ್ಲಿ ಹೊಸ ವಿದ್ಯಾರ್ಥಿಗಳು ಬಂದಾಗ ಬರೀ ಸ್ವಾಗತ ಭಾಷಣ, ಹಾಡು ಸಾಲದು. ಶನಿವಾರ ಅಂಗಡಿಗೆ ಹೊರಡುವವರು ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರನ್ನು ಕರೆದುಕೊಂಡು ಹೋದರೆ, ಇಪ್ಪತ್ತು ಕಿಲೋ ಅಕ್ಕಿಯನ್ನು ನಾಲ್ಕು ಜನಕ್ಕೆ ಹಂಚಿಸಿದರೆ, ಕುಕ್ಕರ್‌ನಲ್ಲಿ ಕಾಳು ಬೇಯಿಸುವುದನ್ನು ಒಂದು ಭಾನುವಾರ ತೋರಿಸಿದರೆ, ಅದಕ್ಕಿಂತ ದೊಡ್ಡ ಕನ್ನಡ ಸೇವೆ ಯಾವುದಿದೆ?

ಕೊನೆಗೆ ಇನ್ನೊಂದು ಕಡೆಯನ್ನೂ ನೋಡೋಣ

ನಮಗೆ ಅಗ್ಗವಾದದ್ದು ಇನ್ಯಾರಿಗೋ ಭಾರವಾಗಿರಬಹುದು. 2015ರ ಆಗಸ್ಟಿನಲ್ಲಿ ಹಾಲಿಗೆ ಗಿಟ್ಟುವ ಬೆಲೆ ಸಿಗದ ರೈತರು ಸ್ಟ್ಯಾಫರ್ಡಿನ ಆಸ್ಡಾ ಅಂಗಡಿಯೊಳಗೆ ಹಸುಗಳನ್ನೇ ಹೊಡೆದುಕೊಂಡು ಬಂದಿದ್ದರು. ಹಾಲು ಕರೆಯುವವರ ಕಷ್ಟ ಮಂಡ್ಯ, ಹಾಸನದ ಕಡೆಯಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಅಂಗಡಿಗಳು ಸರಬರಾಜುದಾರರನ್ನು ಹಿಂಡದಿರಲೆಂದು ಇಲ್ಲಿ 2010ರಿಂದ ಒಂದು ನೀತಿಸಂಹಿತೆ ಇದೆ, ಅದನ್ನು ನೋಡಿಕೊಳ್ಳಲು 2013ರಿಂದ ಒಬ್ಬ ಅಧಿಕಾರಿಯೂ ಇದ್ದಾರೆ. ಇಂಥ ನಿಯಮಗಳು ಗಟ್ಟಿಯಾಗಲಿ ಎಂದು ಕೇಳುವುದು ಕೊಳ್ಳುವವರಾದ ನಮ್ಮ ಕರ್ತವ್ಯವೂ ಹೌದು.

ನಮ್ಮ ಬೀದಿಯ ಇಂಡಿಯನ್ ಸ್ಟೋರಿನ ಮಾತೂ ಇದೆ. ಅವರ ಹತ್ತಿರ ಸಾವಿರ ಅಂಗಡಿಗಳ ಬಲವಿಲ್ಲ. ಹಾಲು, ಈರುಳ್ಳಿ ಎಲ್ಲವನ್ನೂ ಬೇರೆಡೆ ಕೊಂಡು ಕರಿಬೇವು ಒಂದಕ್ಕೆ ಮಾತ್ರ ಅವರ ಬಾಗಿಲಿಗೆ ಹೋದರೆ ಆ ಬಾಗಿಲು ಬಹಳ ದಿನ ತೆರೆದಿರುವುದಿಲ್ಲ. ಬೇಳೆ, ಅಕ್ಕಿ, ಮಸಾಲೆ ಅವರಲ್ಲಿ ನಿಜವಾಗಿ ಅಗ್ಗ ಮತ್ತು ಒಳ್ಳೆಯದು. ಆ ಪಾಲನ್ನು ಅವರಿಗೇ ಕೊಡೋಣ. ಗೌರಿಹಬ್ಬಕ್ಕೆ ಬಾಳೆಎಲೆ, ಸಂಕ್ರಾಂತಿಗೆ ಎಳ್ಳು ಬೆಲ್ಲ ತರಿಸಿಕೊಡುವವರು ಅವರೇ ತಾನೆ?

ಹಾಗಾದರೆ ಯಾವ ಅಂಗಡಿ ಒಳ್ಳೆಯದು? ಚೀಟಿ ಬರೆದುಕೊಂಡು, ಸಣ್ಣ ಅಕ್ಷರ ಓದಿ, ತಂದದ್ದನ್ನೆಲ್ಲ ತಿಂದು ಮುಗಿಸುವವರಿಗೆ ಎಲ್ಲ ಅಂಗಡಿಯೂ ಒಳ್ಳೆಯದೇ. ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಹೆಚ್ಚು ಖರ್ಚಾಗುವ ಹತ್ತು ಪದಾರ್ಥಗಳ ಕಿಲೋ ಬೆಲೆಯನ್ನು ಎರಡು ಅಂಗಡಿಗಳಲ್ಲಿ ಬರೆದುಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮುಂದಿನ ಸಲ ನಾವೆಲ್ಲ ಸೇರಿದಾಗ ಆ ಪಟ್ಟಿ ತನ್ನಿ, ಹೊಸದಾಗಿ ಬಂದವರ ಕೈಗೆ ಅದರ ಒಂದು ಪ್ರತಿ ಕೊಡೋಣ.